ಮಗುವನ್ನು ಬೆಳೆಸುವವರು ಯಾರು?: ‘ಮರಳಿ ಮಣ್ಣಿಗೆ’ಯ ಮರು ಓದು

ಮಕ್ಕಳು ದಾರಿ ತಪ್ಪಿದರೆ ನಾವು ಮೊದಲು ದೂರುವುದು ಸಣ್ಣ ಕುಟುಂಬವನ್ನು. ಅಜ್ಜ, ಅಜ್ಜಿ, ದೊಡ್ಡಮ್ಮ, ಸೋದರತ್ತೆ ಎಲ್ಲರೂ ಇದ್ದ ಮನೆಯಲ್ಲಿ ಮಕ್ಕಳು ತಾವಾಗಿಯೇ ಸಂಸ್ಕಾರ ಕಲಿಯುತ್ತಿದ್ದರು ಎಂಬ ಮಾತು ಮಸೀದಿಯ ಪ್ರವಚನದಲ್ಲೂ ದೇವಸ್ಥಾನದ ಉಪನ್ಯಾಸದಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಕೂಡುಕುಟುಂಬವೆಂದರೆ ಹಿರಿಯರ ದರ್ಬಾರು, ಮಗುವಿಗೆ ತಂದೆತಾಯಿ ಇದ್ದರೆ ಸಾಕು ಎನ್ನುವವರೂ ಇದ್ದಾರೆ. ಈ ವಾದ ಮಾಡುವ ಇಬ್ಬರೂ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮತ್ತೊಮ್ಮೆ ಓದಬೇಕು.

1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು 1940ರ ದಶಕದ ಆರಂಭದಲ್ಲಿ ಪ್ರಕಟಿಸಿದ ಈ ಕಾದಂಬರಿಯ ಕತೆ ನಡೆಯುವುದು ಅಲ್ಲೇ ಹತ್ತಿರದ ಕೋಡಿಯಲ್ಲಿ. ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಎಂದು ಇದನ್ನು ಮೂರು ತಲೆಮಾರಿನ ಕತೆಯಾಗಿ ಓದುವುದು ವಾಡಿಕೆ. ಆ ಮೂರು ತಲೆಮಾರುಗಳ ಲೆಕ್ಕದಲ್ಲಿರುವವರು ಗಂಡಸರು. ಮನೆಯನ್ನು ನಡೆಸಿದವರು, ಮಕ್ಕಳನ್ನು ಸಾಕಿದವರು ಮಾತ್ರ ಹೆಂಗಸರು.

ಐತಾಳರ ಮನೆಯಲ್ಲಿ ಕೈಗಳಿಗೆ ಕೊರತೆಯಿಲ್ಲ. ಮಕ್ಕಳಿಲ್ಲದ ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ, ಮಗನಿಗಾಗಿ ಮಾಡಿಕೊಂಡ ಎರಡನೆಯ ಹೆಂಡತಿ ಸತ್ಯಭಾಮೆ. ಲಚ್ಚ ಹುಟ್ಟುವುದು ಇಂಥ ತುಂಬಿದ ಮನೆಯಲ್ಲಿ. ಆದರೂ ಅವನೇ ಆ ಮನೆಯನ್ನು ಹಾಳುಗೆಡವುತ್ತಾನೆ. ಓದಲು ಪಟ್ಟಣ ಸೇರಿದವನು ದುಶ್ಚಟಗಳನ್ನು ಕಲಿತು, ಹೆಂಡತಿ ನಾಗವೇಣಿಗೆ ರೋಗವನ್ನೂ ಅಂಟಿಸುತ್ತಾನೆ.

ಇದು ಪಟ್ಟಣದ ಮತ್ತು ಇಂಗ್ಲಿಷ್ ಶಿಕ್ಷಣದ ತಪ್ಪೆಂದು ಹೇಳಿ ಮುಗಿಸಬಹುದು. ಕಾದಂಬರಿಯಲ್ಲೂ ಆ ಓದಿಗೆ ಎಡೆಯಿದೆ. ಆದರೆ ಇನ್ನೊಂದು ಸಂಗತಿಯನ್ನು ಗಮನಿಸಿ. ಐತಾಳರು ಎರಡನೆಯ ಮದುವೆ ನಿಶ್ಚಯಿಸುವಾಗ ಹೆಂಡತಿಯನ್ನೂ ತಂಗಿಯನ್ನೂ ಒಂದು ಮಾತು ಕೇಳುವುದಿಲ್ಲ. ಗದ್ದೆಯಲ್ಲೂ ಮನೆಯಲ್ಲೂ ದುಡಿಯುವವರು ಅವರೇ. ಆದರೆ ತೀರ್ಮಾನ ಮಾತ್ರ ಅವರದಲ್ಲ. ಸಾಕುವವರ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಮಗು ಮೊದಲು ಕಲಿಯುವುದು ಆ ಬೆಲೆಯಿಲ್ಲದಿರುವಿಕೆಯನ್ನೇ. ಲಚ್ಚ ಮುಂದೆ ನಾಗವೇಣಿಯನ್ನು ನಡೆಸಿಕೊಂಡ ರೀತಿಗೆ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಇದಕ್ಕೆ ಪ್ರತಿಯಾಗಿ ನಾಗವೇಣಿಯ ಮಗ ರಾಮ. ಗಂಡನಿಂದ ಸುಖ ಕಾಣದ, ಹೆತ್ತ ಮಕ್ಕಳನ್ನು ಕಳೆದುಕೊಂಡ ತಾಯಿ ಉಳಿದ ಒಬ್ಬನನ್ನು ಕಷ್ಟದಲ್ಲಿ ಬೆಳೆಸುತ್ತಾಳೆ. ಅವನು ಮದರಾಸಿನವರೆಗೆ ಓದಲು ಹೋಗುತ್ತಾನೆ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಾಣುತ್ತಾನೆ, ಕೊನೆಗೆ ಮಣ್ಣಿಗೆ ಮರಳುತ್ತಾನೆ. ಪಟ್ಟಣ ಇವನನ್ನು ಕೆಡಿಸಲಿಲ್ಲ. ಹಾಗೆಂದು ಇದು ಸಣ್ಣ ಕುಟುಂಬದ ಗೆಲುವೂ ಅಲ್ಲ. ನಾಗವೇಣಿಗೆ ತವರಿನ ಆಸರೆಯಿತ್ತು. ಮಗನ ಮೇಲೆ ನಂಬಿಕೆ ಕಳೆದುಕೊಂಡ ಮಾವ ಆಸ್ತಿಯನ್ನು ಸೊಸೆಯ ಹೆಸರಿಗೇ ಬರೆದಿದ್ದರು. ಆ ಆಸ್ತಿ ಅವಳ ಕೈಯಲ್ಲಿ ಉಳಿಯಲಿಲ್ಲ, ನಿಜ. ಆದರೆ ಮನೆಯ ಹೊಣೆಯನ್ನು ಹೆಣ್ಣೊಬ್ಬಳಿಗೆ ಬಾಯಿಮಾತಿನಲ್ಲಲ್ಲದೆ ಹಕ್ಕಾಗಿಯೂ ಕೊಡಲು ಐತಾಳರಿಗೆ ಒಂದು ಜೀವಮಾನವೇ ಬೇಕಾಯಿತು.

ಕಾರಂತರ ಬಗ್ಗೆ ಒಂದು ಆಕ್ಷೇಪವೂ ಉಂಟು. ಈ ಹೆಂಗಸರ ಸಹನೆಯನ್ನು ಅವರು ಎಷ್ಟು ಚೆನ್ನಾಗಿ ಚಿತ್ರಿಸಿದ್ದಾರೆಂದರೆ, ಓದುಗ ಆ ಸಹನೆಗೇ ತಲೆಬಾಗಿ ಅನ್ಯಾಯವನ್ನು ಮರೆತುಬಿಡುವ ಅಪಾಯವಿದೆ.

ಇಂದು ಕಾಪುವಿನಲ್ಲೂ ಕಾರ್ಕಳದಲ್ಲೂ ಗಲ್ಫಿನಲ್ಲಿ ದುಡಿಯುವ ತಂದೆಯ ಮಕ್ಕಳನ್ನು ತಾಯಿ ಮತ್ತು ಅಜ್ಜಿ ಸಾಕುತ್ತಾರೆ. ಶಾಲೆ ಯಾವುದು, ಮದುವೆ ಯಾವಾಗ ಎಂಬುದು ಫೋನಿನಲ್ಲಿ ತೀರ್ಮಾನವಾಗುವ ಮನೆಗಳು ಕಡಿಮೆಯಿಲ್ಲ. ಮಣಿಪಾಲದ ಫ್ಲಾಟುಗಳಲ್ಲಿ ಊರಿನಿಂದ ಕರೆಸಿಕೊಂಡ ಅಜ್ಜಿ ಮಗುವನ್ನು ನೋಡಿಕೊಳ್ಳಬೇಕು, ಆದರೆ ಅಭಿಪ್ರಾಯ ಹೇಳಬಾರದು. ಇಡೀ ಸಮಾಜದ ಪರವಾಗಿ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿ ಯೋಜನೆ ಆರಂಭವಾದದ್ದು 1975ರಲ್ಲಿ. ಅಲ್ಲಿನ ಕಾರ್ಯಕರ್ತೆಯರಿಗೆ ಸಿಕ್ಕುತ್ತ ಬಂದದ್ದು ಸಂಬಳವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು.

ಆದ್ದರಿಂದ ಮನೆಯಲ್ಲಿ ಎಷ್ಟು ಜನರಿರಬೇಕು ಎಂಬ ಚರ್ಚೆಯನ್ನು ಸ್ವಲ್ಪ ಬದಿಗಿಡೋಣ. ಮಗುವನ್ನು ಎತ್ತಿ ಆಡಿಸಿದವರು ಅದರ ಬಗ್ಗೆ ಮಾತನಾಡಿದಾಗ ಮನೆಯಲ್ಲಿ ಯಾರು ಕಿವಿಗೊಡುತ್ತಾರೆ? ಮೊದಲು ಅದನ್ನು ಕೇಳಿಕೊಳ್ಳೋಣ.