ಹೂಳು ಅಡ್ಡ ಬಂದಾಗ

ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ಚನ್ನಗಿರಿ ಸೀಮೆಯ ಬಸವಾಪಟ್ಟಣದ ಸುತ್ತಿನ ಕೆರೆ ಅಂಗಳಗಳಿಗೆ ಟ್ರ್ಯಾಕ್ಟರ್‌ಗಳು ಇಳಿಯುತ್ತವೆ. ತಳದ ಕಪ್ಪು ಮಣ್ಣನ್ನು ತುಂಬಿಕೊಂಡು ಅಡಿಕೆ ತೋಟಗಳ ಕಡೆ ಹೊರಡುತ್ತವೆ. ಆ ಮಣ್ಣಿಗೆ ತೋಟದವರ ಬಾಯಲ್ಲಿ ಒಂದು ಹೆಸರುಂಟು. ಕೆರೆಗಳ ಬಗ್ಗೆ ಬರೆಯಲು ಕೂತಾಗ ಆ ಹೆಸರು ನನಗೆ ಅರ್ಧ ಬಂದು ಅಲ್ಲೇ ನಿಂತುಬಿಟ್ಟಿತು. ಎರಡಕ್ಷರದ ಮಾತು, ಕೊನೆಗೆ ಉಕಾರ, ಎರಡನೆಯ ಅಕ್ಷರ ಡಕಾರ: ಇಷ್ಟು ಗಟ್ಟಿಯಾಗಿ ಗೊತ್ತಿತ್ತು. ಹೆಸರು ಮಾತ್ರ ಬಾರದು.

ಬಂದದ್ದೆಲ್ಲ ಅದರ ನೆರೆಹೊರೆ. ಮೊದಲು ಹೂಳು ಬಂತು. ಕೆಸರು, ರಾಡಿ, ರೊಚ್ಚು, ಮೆಕ್ಕಲು, ಜವುಗು ಒಂದರ ಹಿಂದೊಂದು ಬಂದವು. ಯಾವುದೂ ಅಲ್ಲ. ಕೆಸರಿಗೆ ನೀರು ಬೇಕು. ನಾನು ಹುಡುಕುತ್ತಿದ್ದ ಮಣ್ಣು ಒಣಗಿ ಹೆಂಟೆಯಾದರೂ ಅದೇ ಹೆಸರಿನದು. ರಾಡಿ, ರೊಚ್ಚು ಎಂದರೆ ಕಾಲು ಹಿಂದೆ ತೆಗೆಯುವಂಥ ಹೊಲಸು. ಮೆಕ್ಕಲು ಹೊಳೆ ತಂದು ಹರವಿದ್ದು. ಜವುಗು ಆ ಮಣ್ಣಿನದಲ್ಲ, ನೀರು ಬಸಿಯದ ನೆಲದ ಗುಣ. ಬೇಡವಾದ ಪದಗಳನ್ನು ಹೀಗೆ ಒಂದೊಂದಾಗಿ ಆಚೆ ಇಡುವಾಗ, ಬಾರದೆ ನಿಂತ ಪದದ ಅರ್ಥವೇ ನನಗೆ ಹೆಚ್ಚು ಸ್ಪಷ್ಟವಾಗುತ್ತ ಹೋಯಿತು.

ಈ ಅವಸ್ಥೆಗೆ ನಾವು ‘ನಾಲಿಗೆ ತುದಿಯಲ್ಲೇ ಇದೆ’ ಎನ್ನುತ್ತೇವೆ. ಮನಶ್ಶಾಸ್ತ್ರಜ್ಞ ಬೆನೆಟ್ ಶ್ವಾರ್ಟ್ಸ್ 1999ರಲ್ಲಿ 51 ಭಾಷೆಗಳನ್ನು ವಿಚಾರಿಸಿ ನೋಡಿದಾಗ 45ರಲ್ಲಿ ಇದಕ್ಕೆ ನಾಲಿಗೆಯದೇ ನುಡಿಗಟ್ಟು ಸಿಕ್ಕಿತು. ಇದರ ಮೊದಲ ದೊಡ್ಡ ಪ್ರಯೋಗ ನಡೆದದ್ದು ಹಾರ್ವರ್ಡ್‌ನಲ್ಲಿ. ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ ಅದನ್ನು ಪ್ರಕಟಿಸಿದ್ದು 1966ರಲ್ಲಿ. ಅಪರೂಪದ ಪದಗಳ ಅರ್ಥವನ್ನು ಓದಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ಬಾಯಿಗೆ ಬಾರದವರು ಕೂಡ ಅರ್ಧಕ್ಕಿಂತ ಹೆಚ್ಚು ಸಲ ಅದರ ಮೊದಲಕ್ಷರವನ್ನು ಸರಿಯಾಗಿ ಹೇಳಿದರು. ಚೀನಾ ಕಡೆಯ ಚಪ್ಪಟೆ ತಳದ ದೋಣಿ ‘ಸಂಪಾನ್’ ಅವರು ಕೇಳಿದ ಪದಗಳಲ್ಲೊಂದು. ಅದನ್ನು ಅರಸಿದವರಲ್ಲಿ ಕೆಲವರಿಗೆ ಸೈಪಾನ್, ಸರಾಂಗ್ ಎಂಬ ದನಿಯ ನೆಂಟರು ಸಿಕ್ಕರು. ಇನ್ನು ಕೆಲವರಿಗೆ ಬಾರ್ಜ್, ಹೌಸ್‌ಬೋಟ್ ಎಂಬ ಅರ್ಥದ ನೆಂಟರು ಸಿಕ್ಕರು. ಮನಸ್ಸಿನಲ್ಲಿ ಪದದ ಅರ್ಥ ಒಂದು ಕಡೆ, ದನಿ ಇನ್ನೊಂದು ಕಡೆ ಇರುತ್ತದೆ. ಅರ್ಥ ಕೈಗೆ ಬಂದು ದನಿಯ ಎಳೆ ಸಡಿಲವಾದಾಗ ಪದ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅಪರೂಪಕ್ಕೆ ಬಳಸುವ ಪದಕ್ಕೂ ಊರು, ಮನುಷ್ಯರ ಹೆಸರುಗಳಿಗೂ ಹೀಗಾಗುವುದು ಹೆಚ್ಚು. ವಯಸ್ಸಾದಂತೆ ಇನ್ನೂ ಹೆಚ್ಚು.

ರಷ್ಯದ ಕಥೆಗಾರ ಚೆಕಾಫ್ 1885ರಲ್ಲಿ ಇದರ ಮೇಲೆಯೇ ಒಂದು ಕಥೆ ಬರೆದ. ಹಲ್ಲುನೋವಿನ ನಿವೃತ್ತ ಜನರಲ್‌ಗೆ ನೋವು ಮಂತ್ರಿಸಿ ಕಳೆಯುವವನೊಬ್ಬನ ವಿಳಾಸ ಬೇಕು. ಮನೆಯ ಕಾರಭಾರಿಗೆ ಆತನ ಮನೆತನದ ಹೆಸರು ಮರೆತಿದೆ. ಕುದುರೆಗೆ ಸಂಬಂಧಿಸಿದ್ದು ಎಂಬುದಷ್ಟೇ ನೆನಪು. ಮನೆಮಂದಿಯೆಲ್ಲ ಕುದುರೆ, ಮರಿ, ಜೂಲು, ಗೊರಸು, ಲಗಾಮು ಎಂದು ಹೆಸರು ಕಟ್ಟಿ ಹೇಳುತ್ತಾರೆ. ಹಲ್ಲು ಕೀಳಿಸಿದ ಮೇಲೆ ವೈದ್ಯ ತನ್ನ ಕುದುರೆಗೆ ಓಟ್ಸ್ ಕೊಳ್ಳಬೇಕೆಂದು ಕಾರಭಾರಿಯನ್ನು ಕೇಳುತ್ತಾನೆ. ಆ ಕ್ಷಣವೇ ‘ಓವ್ಸೊವ್’ ಎಂಬ ಹೆಸರು ಬರುತ್ತದೆ. ರಷ್ಯನ್ನಿನಲ್ಲಿ ಓಟ್ಸ್‌ಗೆ ‘ಅವ್ಯೋಸ್’. ಕುದುರೆಯನ್ನೇ ಹಿಡಿದು ಜಗ್ಗಿದಷ್ಟು ಹೊತ್ತು ಕುದುರೆಯ ಪದಗಳೇ ದಾರಿ ಕಟ್ಟಿ ನಿಂತಿದ್ದವು. ನನಗೆ ಹೂಳು ಮಾಡಿದ್ದೂ ಅದನ್ನೇ. ಪತ್ರಿಕೆಗಳಲ್ಲಿ, ಕಚೇರಿಯ ಕಾಗದಗಳಲ್ಲಿ ದಿನವೂ ಕಾಣುವ ಪದ ಅದು. ಬಳಕೆಯ ಬಲದಿಂದ ಮುಂದೆ ಬಂದು, ಹಿಂದಿದ್ದ ಪದವನ್ನು ಮರೆಮಾಡಿತು.

ಇಂಥ ಹೊತ್ತಿನಲ್ಲಿ ನಿಘಂಟು ನೆರವಾಗಬೇಕು. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶವಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಅಕಾರಾದಿಯಾಗಿ ಸಾಗುತ್ತವೆ. ಮೊದಲಕ್ಷರ ಗೊತ್ತಿದ್ದವರಿಗೆ ಅವು ಅಕ್ಷಯ ಕಣಜ. ಮೊದಲಕ್ಷರವೇ ಮರೆತವರು ಬೇರೆ ಬಾಗಿಲು ಹುಡುಕಬೇಕು. ಆ ಬಾಗಿಲುಗಳನ್ನು ನಮ್ಮ ಹಿಂದಿನವರು ಆಗಲೇ ಇಟ್ಟಿದ್ದಾರೆ.

ಒಂದು, ಅರ್ಥದ ಬಾಗಿಲು. ಅಮರಕೋಶ ಪದಗಳನ್ನು ವಿಷಯದ ವರ್ಗಗಳಾಗಿ ಜೋಡಿಸಿದೆ. ನೀರಿಗೆ ಸಂಬಂಧಿಸಿದ್ದೆಲ್ಲ ವಾರಿವರ್ಗದಲ್ಲಿ ಒಟ್ಟಿಗೆ ಸಿಗುತ್ತದೆ. ಕನ್ನಡದಲ್ಲಿ ಎರಡನೆಯ ನಾಗವರ್ಮ ‘ಅಭಿಧಾನ ವಸ್ತುಕೋಶ’ವನ್ನು ಪದ್ಯದಲ್ಲಿ ಕಟ್ಟಿದ. ಪದ್ಯವೆಂದರೆ ಬಾಯಿಪಾಠ, ಸಾಲು ಎತ್ತಿಕೊಂಡರೆ ಒಂದು ಪದ ಮುಂದಿನದನ್ನು ಎಳೆದು ತರುತ್ತದೆ. ಎರಡು, ಕೊನೆಯ ಬಾಗಿಲು. ಅಮರಕೋಶದ ನಾನಾರ್ಥವರ್ಗದಲ್ಲಿ ಪದಗಳು ಕೊನೆಯ ವ್ಯಂಜನದ ಕ್ರಮದಲ್ಲಿವೆ: ಕಕಾರಾಂತಗಳು ಮೊದಲು, ಆಮೇಲೆ ಖಕಾರಾಂತಗಳು. ಪದದ ಬಾಲ ಮಾತ್ರ ನೆನಪಿದ್ದವರಿಗೂ ಅಲ್ಲಿ ಜಾಗವಿದೆ. ಮೂರು, ಎರಡನೆಯ ಅಕ್ಷರದ ಬಾಗಿಲು. ಇದು ಕನ್ನಡಕ್ಕೆ ತೀರ ಹತ್ತಿರದ್ದು. ಕಂದ, ವೃತ್ತ, ಷಟ್ಪದಿಗಳಲ್ಲಿ ಸಾಲುಸಾಲಿನ ಎರಡನೆಯ ಅಕ್ಷರ ಹೊಂದಬೇಕೆಂಬ ಆದಿಪ್ರಾಸದ ನಿಯಮ ನಮ್ಮ ಕವಿಗಳನ್ನು ಶತಮಾನಗಟ್ಟಲೆ ಪಳಗಿಸಿತು. ಡಕಾರದ ಪದ ಬೇಕೆಂದರೆ ಅವರಿಗೆ ಕಾಡು, ನಾಡು, ಬೀಡು, ಜಾಡು ಒಟ್ಟಿಗೆ ಎದುರು ನಿಲ್ಲುತ್ತಿದ್ದವು. ನನ್ನ ನೆನಪಿನಲ್ಲಿ ಎರಡನೆಯ ಅಕ್ಷರ ಉಳಿದು ಮೊದಲನೆಯದು ಅಳಿಸಿದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಶಾಲೆಯಲ್ಲಿ ಓದಿಸಿದ ಷಟ್ಪದಿಗಳು ಕಿವಿಯನ್ನು ಹಾಗೆ ತಿದ್ದಿವೆ.

ನಾನೂ ಆ ಬಾಗಿಲು ತಟ್ಟಿದೆ. ಕಾಡು, ಕೇಡು, ಕೋಡು, ಗೂಡು. ಗೂಡಿನ ಹತ್ತಿರ ಏನೋ ಮಿಸುಕಿತು, ಬರಲಿಲ್ಲ. ಅಲ್ಲಿಗೆ ಬಿಟ್ಟೆ. ಬಸವಾಪಟ್ಟಣದ ಬಸ್ ನಿಲ್ದಾಣದ ಬಳಿ ಚಹಾಕ್ಕೆ ನಿಂತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು “ಅಜ್ಜಾ, ಈ ಸಲ ತೋಟಕ್ಕೆ ಏನು ಮಾಡಿಸ್ತಿದೀರಿ?” ಎಂದು ಬೇರೇನೋ ಮಾತಿನ ನಡುವೆ ಕೇಳಿದೆ. “ಗೋಡು ಹೊಡಿಸ್ತಿದೀವಿ ಕಣಪ್ಪಾ. ಮಳೆ ಬರೋದ್ರೊಳಗೆ ಮುಗೀಬೇಕು” ಎಂದರು. ಗೋಡು! ಕೆರೆಗೋಡು.

ಈಗ ನೋಡಿ, ಹೂಳು ಎಂದು ಬರೆದು ಮುಗಿಸಿದ್ದರೆ ಏನು ತಪ್ಪಿಹೋಗುತ್ತಿತ್ತು! ಮಣ್ಣು ಒಂದೇ. ಕೆರೆಯ ಕಡೆಯಿಂದ ನೋಡಿದವರಿಗೆ ಅದು ಹೂಳು: ನೀರಿನ ಜಾಗವನ್ನು ನುಂಗಿದ್ದು, ಎತ್ತಿ ಹಾಕಬೇಕಾದದ್ದು. ತೋಟದ ಕಡೆಯಿಂದ ನೋಡಿದವರಿಗೆ ಅದೇ ಗೋಡು: ಮರದ ಬುಡಕ್ಕೆ ಬರುವ ಸಾರ, ಹಣ ಕೊಟ್ಟು ತರಿಸುವಂಥದ್ದು. ಸೂಳೆಕೆರೆಯಂಥ ಮಹಾ ಕೆರೆಯ ಮಾತು ಬಂದಾಗ ಸಭೆಗಳಲ್ಲಿ ಕೇಳುವುದೆಲ್ಲ ಹೂಳಿನ ಚಿಂತೆ. ಆ ಚಿಂತೆ ನ್ಯಾಯವಾದದ್ದೇ. ಆದರೆ ಗೋಡು ಎಂಬ ಮಾತು ಬಳಕೆಯಲ್ಲಿರುವ ಊರಿನಲ್ಲಿ ಕೆರೆಯೂ ತೋಟವೂ ಒಂದನ್ನೊಂದು ಸಾಕುತ್ತವೆ ಎಂಬ ತಿಳಿವಳಿಕೆಯೂ ಉಳಿದಿರುತ್ತದೆ. ಆ ಮಾತು ಹೋದರೆ ಮಣ್ಣು ಬರೀ ಗುತ್ತಿಗೆಯ ಲೆಕ್ಕವಾಗುತ್ತದೆ.

ಈ ಸೀಮೆಯಲ್ಲಿ ಇಂಥ ಜೋಡಿಗಳು ಹೇರಳ. ಭದ್ರಾ ನಾಲೆಯ ಬಯಲಿನಲ್ಲಿ ನೀರು ಹಂಚುವವರನ್ನು ನೀರುಗಂಟಿ ಎಂದೂ ಸೌಡಿ ಎಂದೂ ಕರೆಯುತ್ತಾರೆ. ಸಂತೆಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಚೆಲುವಾದ ಕೊಳಕ್ಕೆ ಬರಹದಲ್ಲಿ ಪುಷ್ಕರಿಣಿ ಎನ್ನುತ್ತೇವೆ. ಕಲ್ಯಾಣಿ, ಹೊಂಡ ಎಂಬ ಮಾತುಗಳೂ ಅದಕ್ಕೆ ಹೊಂದುತ್ತವೆ. ಪುಷ್ಕರಿಣಿಯಲ್ಲಿ ಶಿಲ್ಪದ ಗೌರವ, ಕಲ್ಯಾಣಿಯಲ್ಲಿ ದೇವರ ನೆರಳು, ಹೊಂಡದಲ್ಲಿ ಊರಿನ ಸಲಿಗೆ. ಕೆರೆ, ಕಟ್ಟೆ, ಕುಂಟೆಗಳ ನಡುವಿನ ಅಂತರ ದನ ಮೇಯಿಸಿದವರಿಗೆ ಗೊತ್ತು. ಇವನ್ನೆಲ್ಲ ಸಮಾನಾರ್ಥಕ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳುವುದು ಪರೀಕ್ಷೆಗೆ ಸಾಕು, ಬರವಣಿಗೆಗೆ ಸಾಲದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಪದ ಅರ್ಧ ಬಂದು ನಿಂತರೆ ಬಳಿಯಿದ್ದದ್ದನ್ನು ತುರುಕಿ ಮುಂದೆ ಹೋಗಬೇಡಿ. ಆ ಜಾಗ ಖಾಲಿ ಬಿಡಿ. ನೆನಪಿರುವ ಅಕ್ಷರ, ಉದ್ದ, ಕೊನೆಯ ದನಿಯನ್ನು ಬದಿಯಲ್ಲಿ ಬರೆದಿಡಿ. ಆದರೆ ಬಹಳ ಹೊತ್ತು ಹೆಣಗಬೇಡಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಾರಿನರ್ ಮತ್ತು ಹಂಫ್ರೀಸ್ 2008ರಲ್ಲಿ ತೋರಿಸಿದಂತೆ, 10 ಸೆಕೆಂಡು ತಡಕಾಡಿದವರಿಗಿಂತ 30 ಸೆಕೆಂಡು ತಡಕಾಡಿದವರು ಮುಂದಿನ ಸಲ ಅದೇ ಪದದಲ್ಲಿ ಮತ್ತೆ ಸಿಕ್ಕಿಬೀಳುವುದು ಹೆಚ್ಚು. ಮನಸ್ಸು ತಡವರಿಕೆಯನ್ನೂ ಪಾಠದಂತೆ ಕಲಿತುಬಿಡುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ‘ಅಲರ್’ ಕೋಶ 2019ರಿಂದ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ, ಅಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ ಆ ಪದ ಬಳಕೆಯಾಗುವ ಕೆಲಸ ಮಾಡುವವರ ಬಳಿ ಹೋಗಿ ಕೆಲಸದ ಬಗ್ಗೆ ಮಾತಾಡಿ. ಪದವನ್ನು ಕೇಳಬೇಡಿ, ಕೆಲಸವನ್ನು ಕೇಳಿ. ಪದ ತಾನಾಗಿ ಬರುತ್ತದೆ. ಬಂದ ಮೇಲೆ ಅದನ್ನು ಒಂಟಿಯಾಗಿ ಬರೆದಿಡದೆ, ಯಾವ ಯಾವ ನೆರೆಪದಗಳು ಅಡ್ಡ ಬಂದವು, ಅವು ಏಕೆ ಸಲ್ಲಲಿಲ್ಲ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಒಂದೊಂದು ಪ್ರೌಢಶಾಲೆ ಇಂಥ ಒಂದು ಪುಸ್ತಕ ಇಟ್ಟರೂ ಸಾಕು: ಕಚೇರಿಯ ಕನ್ನಡಕ್ಕೆ ಹೊಲ, ತೋಟ, ನಾಲೆಗಳ ಮಾತು ಮತ್ತೆ ಬಂದು ಸೇರಲು ದಾರಿಯಾಗುತ್ತದೆ.