ವೈರಸ್ಸಿನ ವಂಶಾವಳಿ ಹೇಳುವುದೆಷ್ಟು?

2020ರ ಬೇಸಿಗೆಯಲ್ಲಿ ಆರೋಗ್ಯ ಇಲಾಖೆ ದಿನವೂ ಹೊರಡಿಸುತ್ತಿದ್ದ ಪಟ್ಟಿಗಳು ನಿಮಗೆ ನೆನಪಿರಬಹುದು. ಪ್ರತಿಯೊಬ್ಬ ರೋಗಿಗೂ ಒಂದು ಸಂಖ್ಯೆ. ಅದರ ಮುಂದೆ 'ಇಂತಹ ಸಂಖ್ಯೆಯ ರೋಗಿಯ ಸಂಪರ್ಕ' ಎಂಬ ಷರಾ. ಅದನ್ನು ಓದಿದ ಊರು ಒಬ್ಬರತ್ತ ಬೆರಳು ಮಾಡುತ್ತಿತ್ತು. ಆ ಷರಾ ಎಷ್ಟು ನಿಜ? ವೈರಸ್ಸಿನ ಜೀನೋಮನ್ನು ಓದಿ ಅದನ್ನು ಪರೀಕ್ಷಿಸಲು ಸಾಧ್ಯವೇ? ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ಇತರರೊಡಗೂಡಿ ಕರ್ನಾಟಕದ ಮಟ್ಟಿಗೆ ಇಂತಹ ಪ್ರಯತ್ನ ಮಾಡಿದರು. ಅವರ ಪ್ರಬಂಧ 2020ರ ಡಿಸೆಂಬರ್‌ನಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಭೌತವಿಜ್ಞಾನದ ಅಧ್ಯಾಪಕನ ಕಣ್ಣಿನಿಂದ ಇಲ್ಲಿ ಪರಿಶೀಲಿಸೋಣ.

ಮೊದಲು ಅಂಕಿಗಳು. ರಾಜ್ಯದಲ್ಲಿ ಮೊದಲ ಪ್ರಕರಣ ವರದಿಯಾದದ್ದು 2020ರ ಮಾರ್ಚ್ 8ರಂದು. ಮೇ 21ರವರೆಗಿನ 1578 ಪ್ರಕರಣಗಳ ಪೈಕಿ 91ರ ಜೀನೋಮುಗಳು ಸಂಶೋಧಕರಿಗೆ ದೊರೆತವು. ಅವು ಎ, ಬಿ, ಬಿ.1, ಬಿ.1.80, ಬಿ.1.1, ಬಿ.4, ಬಿ.6 ಎಂಬ ಏಳು ವಂಶಗಳಿಗೆ ಸೇರಿದ್ದವು. ಸಂಪರ್ಕ ಶೋಧನೆಯ ದಾಖಲೆಗಳ ಪ್ರಕಾರ ಈ ರೋಗಿಗಳದು 17 ಗುಚ್ಛಗಳು. 24 ಮಂದಿಗೆ ಮಾತ್ರ ಯಾವ ಸಂಪರ್ಕವೂ ತಿಳಿದಿರಲಿಲ್ಲ. 17ರಲ್ಲಿ 14 ಗುಚ್ಛಗಳೊಳಗೆ ಒಂದೊಂದೇ ವಂಶದ ವೈರಸ್ ಇತ್ತು. ಲೇಖಕರ ತೀರ್ಮಾನ ಹೀಗಿದೆ: ವೈರಸ್ ರಾಜ್ಯಕ್ಕೆ ಹಲವು ಬಾರಿ ಪ್ರವೇಶಿಸಿತು, ಬಳಿಕ ಸ್ಥಳೀಯವಾಗಿ ಹರಡಿತು.

ಮೊದಲ ಭಾಗವನ್ನು ನಾನು ಅನುಮಾನವಿಲ್ಲದೆ ಒಪ್ಪುತ್ತೇನೆ. ಒಂದೇ ಬೀಜದಿಂದ ಎರಡೂವರೆ ತಿಂಗಳಲ್ಲಿ ಏಳು ವಂಶಗಳು ಇಲ್ಲಿಯೇ ಹುಟ್ಟುವುದು, ಅದೂ ಚೀನ, ಇರಾನ್, ಯೂರೋಪುಗಳಲ್ಲಿ ಆಗಲೇ ಇದ್ದವುಗಳ ಪಡಿಯಚ್ಚಿನಂತೆ ಹುಟ್ಟುವುದು ಅಸಂಭವ. ಎಚ್ಚರ ಬೇಕಾದದ್ದು ಎರಡನೆಯ ಭಾಗವನ್ನು ಓದುವಾಗ.

ಈ ವೈರಸ್ಸಿನ ಜೀನೋಮಿನಲ್ಲಿ ಸುಮಾರು 29,900 ಅಕ್ಷರಗಳಿವೆ. ಸೋಂಕಿನ ಒಂದು ಸರಪಳಿಯಲ್ಲಿ ತಿಂಗಳಿಗೆ ಸರಿಸುಮಾರು ಎರಡು ಅಕ್ಷರಗಳು ಬದಲಾಗಿ ಹಾಗೆಯೇ ಉಳಿಯುತ್ತವೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಐದು ದಿನ ಎಂದಿಟ್ಟುಕೊಳ್ಳಿ. ಆಗ ಒಂದು ದಾಟುವಿಕೆಗೆ ಸರಾಸರಿ ಮೂರನೇ ಒಂದು ಉತ್ಪರಿವರ್ತನೆ ಬಂತು. ವಿಕಿರಣಪಟು ಧಾತುವಿನ ಕ್ಷಯವನ್ನು ಎಣಿಸುವಾಗ ಬಳಸುವ ಪ್ವಾಸಾನ್ ಸೂತ್ರವನ್ನೇ ಇಲ್ಲಿ ಹಾಕಿ ನೋಡಿ: ಒಂದು ಅಕ್ಷರವೂ ಬದಲಾಗದಿರುವ ಸಂಭವನೀಯತೆ 0.72. ಹತ್ತರಲ್ಲಿ ಏಳು ಬಾರಿ ಕೊಟ್ಟವರ ವೈರಸ್ಸೂ ಪಡೆದವರ ವೈರಸ್ಸೂ ಅಕ್ಷರಶಃ ಒಂದೇ. ('ಅಕ್ಷರಶಃ' ಎಂಬ ಮಾತು ಇಷ್ಟು ಸರಿಯಾಗಿ ಒದಗುವ ಸಂದರ್ಭ ಅಪರೂಪ!) ಎರಡು ಪಠ್ಯಗಳೂ ಒಂದೇ ಆಗಿದ್ದರೆ ಯಾರಿಂದ ಯಾರಿಗೆ ಎಂದು ಬಾಣದ ಗುರುತು ಹಾಕಲು ಜೀನೋಮಿನಲ್ಲಿ ಆಧಾರವೇ ಇರುವುದಿಲ್ಲ. ಇಬ್ಬರೂ ಮೂರನೆಯವರೊಬ್ಬರಿಂದ ಪಡೆದಿರಲೂಬಹುದು. 1578ರಲ್ಲಿ 91 ಎಂದರೆ ಶೇಕಡ 6ಕ್ಕೂ ಕಡಿಮೆ. ಆ ಮೂರನೆಯವರ ವೈರಸ್ಸನ್ನು ಯಾರೂ ಓದಿರದಿರುವ ಸಾಧ್ಯತೆಯೇ ಹೆಚ್ಚು.

ಇನ್ನು 14 ಗುಚ್ಛಗಳ ಏಕರೂಪತೆ. 91 ಜೀನೋಮುಗಳಲ್ಲಿ 47 ಬಿ.6 ವಂಶದವು. ಹಾಗಾದರೆ ಪರಸ್ಪರ ಸಂಬಂಧವೇ ಇಲ್ಲದ ಇಬ್ಬರಲ್ಲಿ ಆಕಸ್ಮಿಕವಾಗಿ ಬಿ.6 ಕಾಣಿಸುವ ಸಂಭವನೀಯತೆ ಎಷ್ಟು? ಇಲ್ಲಿ 47/91 ಬಳಸಬೇಡಿ, ಒಂದೇ ಗುಚ್ಛದವರನ್ನು ಸ್ವತಂತ್ರ ಘಟನೆಗಳೆಂದು ಎಣಿಸಲಾಗದು. ಸಂಪರ್ಕ ತಿಳಿಯದ 24 ಮಂದಿಯಲ್ಲಿ 11 ಮಂದಿಗೆ ಬಿ.6 ಇತ್ತು, ಇದು ಹೆಚ್ಚು ನಂಬಬಹುದಾದ ಅಳತೆ. ಅದರ ವರ್ಗ 0.21. ಐದರಲ್ಲಿ ಒಂದು! ಬಿ.6 ಇರುವ ಇಬ್ಬರನ್ನು ವಂಶದ ಹೆಸರೊಂದರಿಂದಲೇ ಜೋಡಿಸುವುದು ದುರ್ಬಲ ಸಾಕ್ಷ್ಯ. ನಾಲ್ವರಿದ್ದರೆ ಆಕಸ್ಮಿಕದ ಪಾಲು 0.04ಕ್ಕೆ ಇಳಿಯುತ್ತದೆ, ಅಪರೂಪದ ವಂಶವಾದರೆ ಇಬ್ಬರಲ್ಲಿ ಕಂಡರೂ ಸಾಕ್ಷ್ಯ ಬಲವಾಗುತ್ತದೆ. ಪ್ರಬಂಧದ ಸಾರಾಂಶವಾದರೋ ಈ 14ನ್ನೂ ಒಂದೇ ತೂಕದವೆಂಬಂತೆ ಎಣಿಸಿಬಿಡುತ್ತದೆ. ಇದು ನನ್ನ ಮುಖ್ಯ ಆಕ್ಷೇಪ.

17ರಲ್ಲಿ 12 ಗುಚ್ಛಗಳ ಮೊದಲ ರೋಗಿಗೆ ರೋಗಲಕ್ಷಣಗಳಿದ್ದವು ಎಂಬ ಮಾತೂ ಹಾಗೆಯೇ. ಲಕ್ಷಣವಿದ್ದವರು ಬೇಗ ಪರೀಕ್ಷೆಗೆ ಒಳಗಾಗುತ್ತಾರೆ, ಮೊದಲು ಪತ್ತೆಯಾದವರು ಸುಲಭವಾಗಿ 'ಮೊದಲ ರೋಗಿ' ಎನಿಸಿಕೊಳ್ಳುತ್ತಾರೆ. ಈ ವಾಲಿಕೆಯನ್ನು ಜೀನೋಮ್ ಸರಿಪಡಿಸಲಾರದು.

ಆದರೆ ಅದೇ 11 ಮತ್ತು 24 ಎಂಬ ಅಂಕಿಗಳಿಂದ ಲೇಖಕರು ಇನ್ನೊಂದು ಗಟ್ಟಿ ತೀರ್ಮಾನ ತೆಗೆಯುತ್ತಾರೆ. ಸಂಪರ್ಕವೇ ತಿಳಿಯದ ಇಷ್ಟು ಮಂದಿಯಲ್ಲಿ ಒಂದೇ ವಂಶ ಕಂಡಿತೆಂದರೆ ಅದು ರಾಜ್ಯದೊಳಗೆ ಕಣ್ತಪ್ಪಿಸಿ ಹರಡುತ್ತಲೇ ಇತ್ತು ಎಂದರ್ಥ. ಸೋಂಕು ಸಮುದಾಯಕ್ಕೆ ಇಳಿದಿದೆಯೇ ಎಂದು ಬಿಸಿ ಚರ್ಚೆ ನಡೆಯುತ್ತಿದ್ದ ತಿಂಗಳುಗಳವು. ಯಾರ ಹೆಸರನ್ನೂ ಹಿಡಿಯದೆ ಆ ಪ್ರಶ್ನೆಗೆ ಉತ್ತರ ಕೊಡಲು ಈ ವಿಧಾನದಿಂದ ಸಾಧ್ಯವಾಯಿತು.

ಉಳಿದ ಮೂರು ಗುಚ್ಛಗಳ ಮಾತೇನು? ಸಾರಾಂಶ 14ನ್ನು ಹೇಳುತ್ತದೆ, 3ನ್ನು ನಾವು ಕಳೆದು ಪಡೆಯಬೇಕು. ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಮೂರೇ. ಒಂದೇ ಗುಚ್ಛದಲ್ಲಿ ಎರಡು ವಂಶಗಳಿದ್ದರೆ ಅವು ಒಬ್ಬರಿಂದಲೇ ಬಂದವೆನ್ನುವುದು ಕಷ್ಟ. ಒಬ್ಬರೇ ಎರಡೂ ವಂಶಗಳನ್ನು ಒಟ್ಟಿಗೆ ಹೊತ್ತಿರುವುದು ಅಪರೂಪ. ಅಲ್ಲಿ ಕನಿಷ್ಠ ಒಂದು ಷರಾವಾದರೂ ತಪ್ಪಾಗಿತ್ತು, ಯಾರೋ ಒಬ್ಬರು ತಾವು ಕೊಡದ ಸೋಂಕಿನ ಹೊಣೆ ಹೊತ್ತಿದ್ದರು ಎನ್ನಲು ಇಷ್ಟು ಸಾಕು.

ಪ್ರಬಂಧ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಪದವಿ ತರಗತಿಯ ಅಧ್ಯಾಪಕರು ಮೇಲಿನ ಲೆಕ್ಕವನ್ನು ಒಂದೊಂದು ಗುಚ್ಛಕ್ಕೂ ಬೇರೆ ಬೇರೆಯಾಗಿ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಕ್ಯಾಲ್ಕ್ಯುಲೇಟರ್ ಒಂದಿದ್ದರೆ ಸಾಕು.