ಹತ್ತು ವರ್ಷದ ಪರ್ಮಿಟ್, ಸಿಗದ ಎಂಜಿನ್ ನಂಬರ್

ಹೊರದೇಶದ ಖಾಸಗಿ ವಿಹಾರ ದೋಣಿಗೆ ಮೆಕ್ಸಿಕೊ ಕೊಡುವಷ್ಟು ಉದಾರ ಅನುಮತಿ ಕೊಡುವ ದೇಶಗಳು ಕಡಿಮೆ. ನಾಲ್ಕೂವರೆ ಮೀಟರಿಗಿಂತ ಉದ್ದದ ದೋಣಿ ಅಲ್ಲಿನ ಕಡಲಿಗೆ ಬಂದರೆ ಅದಕ್ಕೊಂದು ತಾತ್ಕಾಲಿಕ ಆಮದು ಪರ್ಮಿಟ್ ಬೇಕು. ಹಾಯಿದೋಣಿಯವರ ಬಾಯಲ್ಲಿ ಅದು ಟಿಐಪಿ. ಸೇನೆಯ ಬ್ಯಾಂಕಾದ ಬಾನ್ಹೆರ್ಸಿಟೊ ಅದನ್ನು ಕೊಡುತ್ತದೆ. ಆನ್‌ಲೈನ್‌ನಲ್ಲೂ ಪಡೆಯಬಹುದು. ಶುಲ್ಕ ನಮ್ಮ ಲೆಕ್ಕದಲ್ಲಿ ಕೆಲವು ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ದೋಣಿಯ ಒಡೆಯ ಪ್ರವಾಸಿಯಾಗಿ ಹೆಚ್ಚೆಂದರೆ 180 ದಿನ ಇರಬಹುದು. ಅವನು ಊರಿಗೆ ಹೋಗಿ ಮತ್ತೆ ಬರಬಹುದು, ದೋಣಿ ಮಾತ್ರ ಅಲ್ಲೇ ಉಳಿಯಬಹುದು. ಸುಂಕವಿಲ್ಲ, ಮೌಲ್ಯವರ್ಧಿತ ತೆರಿಗೆಯಿಲ್ಲ. ಯುರೋಪಿನ ಒಕ್ಕೂಟ ಇದೇ ಸೌಲಭ್ಯವನ್ನು ಕೊಡುವುದು 18 ತಿಂಗಳಿಗೆ. ಅಷ್ಟರೊಳಗೆ ದೋಣಿ ಟರ್ಕಿಗೋ ಟುನೀಸಿಯಕ್ಕೋ ಮೊಂಟೆನೆಗ್ರೊಗೋ ಹೋಗಿ ಬರಬೇಕು, ಇಲ್ಲವೇ ದೋಣಿಯ ಬೆಲೆಯ ಮೇಲೆ ತೆರಿಗೆ ಕಟ್ಟಬೇಕು. ಆ ತೆರಿಗೆ ಲಕ್ಸೆಂಬರ್ಗಿನಲ್ಲಿ ಶೇ. 17 ಇದ್ದರೆ ಹಂಗೇರಿಯಲ್ಲಿ ಶೇ. 27.

ಹತ್ತು ವರ್ಷ ಎಂಬ ಅಂಕಿ ಸುಮ್ಮನೆ ಹುಟ್ಟಿದ್ದಲ್ಲ, ಅದರ ಹಿಂದೆ ಕಡಲಿನ ತಿಳಿವಳಿಕೆ ಇದೆ. ಪೂರ್ವ ಪೆಸಿಫಿಕ್‌ನಲ್ಲಿ ಚಂಡಮಾರುತದ ಕಾಲ ಮೇ 15ರಿಂದ ನವೆಂಬರ್ 30ರವರೆಗೆ. ಆ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯ ಕೊಲ್ಲಿಯ ಬಿಸಿಲಿಗೆ ದೋಣಿಯೊಳಗೆ ಕೂರಲಾಗುವುದಿಲ್ಲ. ಹಾಗಾಗಿ ಅಮೆರಿಕ, ಕೆನಡಾಗಳಿಂದ ಬಂದವರು ಗ್ವಾಯ್ಮಾಸ್, ಸಾನ್ ಕಾರ್ಲೋಸ್, ಲಾ ಪಾಸ್‌ಗಳಲ್ಲಿ ದೋಣಿಯನ್ನು ದಡಕ್ಕೆ ಎಳೆಸಿ, ಆಧಾರ ಕೊಟ್ಟು ನಿಲ್ಲಿಸಿ, ಮನೆಗೆ ಹೋಗುತ್ತಾರೆ. ಚಳಿಗಾಲಕ್ಕೆ ಮರಳುತ್ತಾರೆ. ಹೀಗೆಯೇ ಅವರ ವರ್ಷಗಳು ಉರುಳುತ್ತವೆ. ಅವರ ಹಣ ಮರೀನಾಗಳಿಗೆ, ಬಡಗಿಗಳಿಗೆ, ಬಣ್ಣ ಬಳಿಯುವವರಿಗೆ, ಎಂಜಿನ್ ಮೆಕ್ಯಾನಿಕ್‌ಗಳಿಗೆ ಸೇರುತ್ತದೆ. ದೋಣಿ ಎಲ್ಲಿ ನಿಂತಿರುತ್ತದೋ ಅಲ್ಲಿ ಕೆಲಸ ಹುಟ್ಟುತ್ತದೆ ಎಂಬುದನ್ನು ಈ ನಿಯಮ ಬರೆದವರು ಅರಿತಿದ್ದರು. 2001ರಲ್ಲಿ ವಿಸೆಂತೆ ಫಾಕ್ಸ್ ಸರ್ಕಾರ ಬಾಹಾ ಪರ್ಯಾಯ ದ್ವೀಪದ ಉದ್ದಕ್ಕೂ ವಿಹಾರ ಬಂದರುಗಳ ಸರಣಿಯನ್ನೇ ಕಟ್ಟುವ 'ಎಸ್ಕಲೇರಾ ನಾಟಿಕಾ' ಯೋಜನೆಯನ್ನು ಘೋಷಿಸಿದ್ದೂ ಇದೇ ಲೆಕ್ಕದಲ್ಲಿ. ಆ ಯೋಜನೆ ಹೇಳಿದಷ್ಟು ಕೈಗೂಡಲಿಲ್ಲ. ಆದರೂ ಸರ್ಕಾರ ಇಂಥ ದೋಣಿಗಳನ್ನು ಬಯಸಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನೋಂದಣಿ ಬೇರೆ, ಆಮದು ಬೇರೆ. ನೋಂದಣಿ ದೋಣಿಗೆ ರಾಷ್ಟ್ರೀಯತೆ ಕೊಡುತ್ತದೆ, ಹಡಗಿನ ಮೇಲೆ ಯಾವ ದೇಶದ ಕಾನೂನು ನಡೆಯುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ದೋಣಿಗೂ ಅದರ ಬಾವುಟದ ದೇಶಕ್ಕೂ ನಿಜವಾದ ಸಂಬಂಧ ಇರಬೇಕು ಎಂದು 1982ರ ಸಮುದ್ರ ಕಾನೂನು ಒಪ್ಪಂದದ 91ನೇ ವಿಧಿ ಹೇಳುತ್ತದೆ. ಆ ಸಂಬಂಧ ಎಂಥದು ಎಂಬುದನ್ನು ಆಯಾ ದೇಶಕ್ಕೆ ಬಿಟ್ಟಿದೆ. ಅಮೆರಿಕದ ಕೋಸ್ಟ್ ಗಾರ್ಡ್ ದಾಖಲೆ ಬೇಕಾದರೆ ಒಡೆಯ ಅಲ್ಲಿನ ಪ್ರಜೆಯಾಗಿರಬೇಕು. ಬ್ರಿಟನ್ನಿನ ಸಣ್ಣ ಹಡಗುಗಳ ರಿಜಿಸ್ಟರ್ ಅಲ್ಲಿ ವಾಸವಿರುವವರಿಗೆ ಮೀಸಲು, ಆದರೆ ಅದು ಒಡೆತನಕ್ಕೆ ಪುರಾವೆಯಲ್ಲ. ಆಮದಿನ ಪ್ರಶ್ನೆ ಇದರಿಂದ ಪೂರ್ತಿ ಬೇರೆ: ಈ ಸರಕಿಗೆ ಈ ದೇಶದಲ್ಲಿ ತೆರಿಗೆ ಸಂದಿದೆಯೇ, ಇಲ್ಲವಾದರೆ ಯಾವ ರಿಯಾಯಿತಿಯ ಮೇಲೆ ಇಲ್ಲಿದೆ? ಟಿಐಪಿ ಹೊತ್ತ ದೋಣಿ ತನ್ನ ತಾಯ್ನಾಡಿನ ಬಾವುಟವನ್ನೇ ಹಾರಿಸುತ್ತದೆ. ಮೆಕ್ಸಿಕೊದ ಬಾವುಟವೇ ಬೇಕೆಂದರೆ ಕಸ್ಟಮ್ಸ್ ಏಜೆಂಟರ ಮೂಲಕ ಕಾಯಂ ಆಮದು ಮಾಡಿಸಿ, ಶೇ. 16ರ ತೆರಿಗೆ ಕಟ್ಟಿ, ಆಮೇಲೆ ಬಂದರು ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಬಹುಪಾಲು ಜನ ಆ ದಾರಿಗೆ ಹೋಗುವುದಿಲ್ಲ. ಹತ್ತು ವರ್ಷದ ಪರ್ಮಿಟ್ ಇರುವಾಗ ಹೋಗಬೇಕಾಗಿಯೂ ಇಲ್ಲ.

ಇಷ್ಟು ಒಳ್ಳೆಯ ನಿಯಮ ಸೋತದ್ದು ತಪಾಸಣೆಯಲ್ಲಿ. 2013ರ ನವೆಂಬರ್ ಕೊನೆಯಲ್ಲಿ ಮೆಕ್ಸಿಕೊದ ತೆರಿಗೆ ಇಲಾಖೆಯ ಅಧಿಕಾರಿಗಳು ಶಸ್ತ್ರಧಾರಿ ನೌಕಾಪಡೆಯವರನ್ನು ಕರೆದುಕೊಂಡು ಒಂದಾದ ಮೇಲೊಂದು ಮರೀನಾಗೆ ಹೋದರು. ಕಟ್ಟಿಹಾಕಿದ್ದ ದೋಣಿಗಳ ಒಡಲಿನ ನಂಬರ್, ಎಂಜಿನ್ ನಂಬರ್ ಹುಡುಕಿದರು. ಪರ್ಮಿಟ್‌ಗೆ ತಾಳೆಯಾಗದ ದೋಣಿಗಳನ್ನೂ, ನಂಬರೇ ಕಾಣದ ದೋಣಿಗಳನ್ನೂ ಮುಂಜಾಗ್ರತೆಯ ಜಪ್ತಿ ಎಂಬ ಕಾನೂನಿನ ಅಡಿಯಲ್ಲಿ ತಡೆಹಿಡಿದರು. ಎನ್ಸೆನಾಡದಿಂದ ಪೋರ್ಟೊ ವಲ್ಯಾರ್ಟಾ ಬಳಿಯ ಲಾ ಕ್ರೂಸ್‌ವರೆಗೆ ಮುನ್ನೂರಕ್ಕೂ ಹೆಚ್ಚು ದೋಣಿಗಳು ಹೀಗೆ ಸಿಕ್ಕಿಬಿದ್ದವು. ತಮ್ಮ ದೋಣಿ ಜಪ್ತಿಯಲ್ಲಿದೆ ಎಂಬುದು ಕೆಲವರಿಗೆ ತಿಳಿದದ್ದೇ ತಡವಾಗಿ, ಯಾಕೆಂದರೆ ಅವರು ಬೇರೆ ದೇಶದಲ್ಲಿದ್ದರು. ದೋಣಿಗಳು ಬಿಡುಗಡೆಯಾಗಲು ತಿಂಗಳುಗಳು ಹಿಡಿದವು.

ತಪಾಸಣೆ ಮಾಡುವುದು ಸರ್ಕಾರದ ಹಕ್ಕು. ಕದ್ದ ದೋಣಿ ಬರುತ್ತದೆ, ತೆರಿಗೆ ಕಟ್ಟದೆ ಕೈಬದಲಾದ ದೋಣಿ ಬರುತ್ತದೆ, ಅವಧಿ ಮೀರಿದ್ದೂ ಇರುತ್ತದೆ. ರಿಯಾಯಿತಿ ಕೊಟ್ಟವರು ಅದು ಸರಿಯಾಗಿ ಬಳಕೆಯಾಗಿದೆಯೇ ಎಂದು ನೋಡದೆ ಇದ್ದರೆ ತೆರಿಗೆ ಕಟ್ಟಿ ದೋಣಿ ಕೊಂಡ ಸ್ಥಳೀಯನಿಗೆ ಅನ್ಯಾಯ. ನನ್ನ ತಕರಾರು ಇರುವುದು ನೋಡಿದ ಬಗೆಯ ಮೇಲೆ.

ದೋಣಿ ಕಾರಿನಂತೆ ಒಂದೇ ಅಚ್ಚಿನಲ್ಲಿ ಬರುವ ವಸ್ತುವಲ್ಲ. ಅಮೆರಿಕದಲ್ಲಿ ಒಡಲಿನ ಗುರುತಿನ ಸಂಖ್ಯೆ ಕಡ್ಡಾಯವಾದದ್ದು 1972ರ ನವೆಂಬರ್‌ನಿಂದ, 1971ರ ದೋಣಿ ಸುರಕ್ಷತಾ ಕಾಯ್ದೆಯ ಫಲವಾಗಿ. ಆ ಹನ್ನೆರಡು ಅಕ್ಷರಾಂಕಿಗಳು ದೋಣಿಯ ಹಿಂಬದಿ ಹಲಗೆಯ ಬಲಮೂಲೆಯಲ್ಲಿರುತ್ತವೆ. ಅದಕ್ಕಿಂತ ಹಳೆಯ ದೋಣಿಗೆ ಅಂಥ ಸಂಖ್ಯೆ ಇರಬೇಕಾಗಿಯೇ ಇಲ್ಲ. ಆ ಕಾಲದ ಎಷ್ಟೋ ಫೈಬರ್‌ಗ್ಲಾಸ್ ದೋಣಿಗಳು ಇಂದಿಗೂ ಗಟ್ಟಿಯಾಗಿ ತೇಲುತ್ತಿವೆ. ಕೋಸ್ಟ್ ಗಾರ್ಡ್ ದಾಖಲೆ ಹೊಂದಿದ ದೋಣಿಯ ಅಧಿಕೃತ ಸಂಖ್ಯೆ ಹೊರಗೆ ಕಾಣುವುದಿಲ್ಲ, ಒಳಗಿನ ಯಾವುದೋ ತೊಲೆಯ ಮೇಲೆ ಕೂರಿಸಿರುತ್ತಾರೆ. ಬಾಗಿಲಿಗೆ ಬೀಗ, ಒಡೆಯ ದೂರದ ಊರಿನಲ್ಲಿ. ಮರೀನಾದ ಹಲಗೆಯ ಮೇಲೆ ನಿಂತ ಅಧಿಕಾರಿಗೆ ಅದು ಕಾಣುವುದು ಹೇಗೆ? ಇನ್ನು ಎಂಜಿನ್. ಹಾಯಿದೋಣಿಯ ಡೀಸೆಲ್ ಎಂಜಿನ್ ಮೂವತ್ತು ವರ್ಷಕ್ಕೆ ಸವೆಯುತ್ತದೆ, ಬೇರೊಂದನ್ನು ಕೂರಿಸುತ್ತಾರೆ. ಪರ್ಮಿಟ್‌ನಲ್ಲಿ ಹಳೆಯ ನಂಬರೇ ಉಳಿದಿರುತ್ತದೆ. ಎಂಜಿನ್ ಬದಲಾಯಿಸುವುದು ಸುರಕ್ಷತೆಗಾಗಿ ಮಾಡಿದ ರಿಪೇರಿ. ಕಾಗದದ ಕಣ್ಣಿಗೆ ಮಾತ್ರ ಅದು ಬೇರೆ ದೋಣಿ. ನಂಬರ್ ಕಾಣದಿರುವುದನ್ನು ತಪ್ಪಿನ ಪುರಾವೆಯೆಂದು ಎಣಿಸಿದ್ದು ಆ ಕಾರ್ಯಾಚರಣೆಯ ಮೂಲ ದೋಷ. ವಿವರಣೆ ಕೇಳಿ ನೋಟಿಸ್ ಕೊಟ್ಟು, ಮೂವತ್ತು ದಿನ ಕಾದಿದ್ದರೆ ಬಹುಪಾಲು ದೋಣಿಗಳ ವಿಷಯ ಮರೀನಾದ ಕಚೇರಿಯಲ್ಲೇ ಮುಗಿಯುತ್ತಿತ್ತು ಎಂದು ನಾನು ನಂಬುತ್ತೇನೆ.

ಜಪ್ತಿಯ ಗಲಾಟೆ ಆ ಚಳಿಗಾಲದೊಂದಿಗೆ ಮುಗಿಯಿತು. ಅದಕ್ಕಿಂತ ಆಳವಾದ ದೋಷ ಪರ್ಮಿಟ್‌ನ ಒಳಗೇ ಇದೆ, ಅದರ ಬಗ್ಗೆ ಸುದ್ದಿಯಾದದ್ದು ಕಡಿಮೆ. ಒಂದು ದೋಣಿಯ ಮೇಲೆ ಒಂದು ಹೊತ್ತಿಗೆ ಒಂದೇ ಟಿಐಪಿ ಇರಬಹುದು. ಅದು ಒಡೆಯನ ಹೆಸರಲ್ಲಿರುತ್ತದೆ, ಆದರೆ ಅಂಟಿಕೊಳ್ಳುವುದು ದೋಣಿಗೆ. ದೋಣಿ ದೇಶ ಬಿಟ್ಟಾಗ ಅದನ್ನು ರದ್ದು ಮಾಡಿಸಬೇಕು. ಎಷ್ಟೋ ಜನ ಮರೆಯುತ್ತಾರೆ, ಇನ್ನೆಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಸಾನ್ ಡಿಯೆಗೊಗೆ ಮರಳಿ, ದೋಣಿ ಮಾರಿ, ಸುಮ್ಮನಾಗುತ್ತಾರೆ. ದೋಣಿ ಇಬ್ಬರು ಮೂವರ ಕೈ ದಾಟುತ್ತದೆ. ಕೊನೆಗೆ ಕೊಂಡವನು ಮೆಕ್ಸಿಕೊಗೆ ಹೊರಟು ಹೊಸ ಪರ್ಮಿಟ್‌ಗೆ ಅರ್ಜಿ ಹಾಕಿದಾಗ ಗಣಕದಲ್ಲಿ ಎಂದೋ ಬಂದುಹೋದ ಅಪರಿಚಿತನ ಹೆಸರು ಎದ್ದು ನಿಲ್ಲುತ್ತದೆ. ಸಾಲ ತೀರಿದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್ ಉಳಿದುಹೋದ ಹಳೆಯ ಕಾರನ್ನು ಕೊಂಡವರಿಗೆ ಈ ಸಂಕಟ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಬ್ಯಾಂಕಿನ ಎನ್‌ಒಸಿ ತಂದರೆ ಕೆಲಸ ಮುಗಿಯುತ್ತದೆ. ಇಲ್ಲಿ ಹಳೆಯ ಒಡೆಯ ಎಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ. ಮಾರಾಟದ ಪತ್ರಗಳ ಸರಪಳಿ, ದೋಣಿ ಮೆಕ್ಸಿಕೊದ ಹೊರಗಿತ್ತು ಎಂಬುದಕ್ಕೆ ಪುರಾವೆ, ಸ್ಪ್ಯಾನಿಷ್‌ನಲ್ಲಿ ಅರ್ಜಿ, ಏಜೆಂಟರ ಫೀಸು, ಆಮೇಲೆ ಕಾಯುವುದು. ಪರ್ಮಿಟ್ ಪಡೆಯಲು ಬೇಕಾಗುವ ಶುಲ್ಕಕ್ಕಿಂತ ಬೇರೆ ಯಾರದೋ ಪರ್ಮಿಟ್ ಮುಗಿಸಲು ಆಗುವ ಖರ್ಚು ಹೆಚ್ಚು. ಇದು ಸರಿಯಲ್ಲ. ತಪ್ಪು ಮಾಡದವನ ಹೆಗಲಿಗೆ ಹೊರೆ ಹೊರಿಸುವ ನಿಯಮ ಎಷ್ಟು ಉದಾರವಾಗಿದ್ದರೂ ಅದರಲ್ಲಿ ಬಿರುಕಿದೆ.

ಇದೆಲ್ಲ ಶ್ರೀಮಂತರ ತಾಪತ್ರಯ, ನಮಗೇಕೆ ಎಂದು ಓದುಗರು ಕೇಳಬಹುದು. ಅದನ್ನು ನಾನು ಒಪ್ಪುವುದಿಲ್ಲ. ನಿಜವಾದ ಶ್ರೀಮಂತರ ದೋಣಿಗೆ ಬೇರೆಯದೇ ಬಾಗಿಲಿದೆ. ಮಾಲ್ಟಾ ದೇಶ ಬಹಳ ಕಾಲ ಲೀಸ್ ಪದ್ಧತಿಯೊಂದನ್ನು ನಡೆಸಿತ್ತು. ದೋಣಿ ಉದ್ದವಾದಷ್ಟೂ ಅದು ಹೆಚ್ಚು ಹೊತ್ತು ಯುರೋಪಿನ ಜಲಗಡಿಯ ಹೊರಗಿರುತ್ತದೆ ಎಂದು ಊಹಿಸಿಕೊಂಡು, 24 ಮೀಟರಿಗಿಂತ ದೊಡ್ಡ ನೌಕೆಗೆ ಶೇ. 18ರ ತೆರಿಗೆಯನ್ನು ಶೇ. 5.4ಕ್ಕೆ ಇಳಿಸುತ್ತಿತ್ತು. ದೋಣಿ ನಿಜಕ್ಕೂ ಎಲ್ಲಿ ಓಡಾಡಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಯುರೋಪಿಯನ್ ಕಮಿಷನ್ 2018ರ ಮಾರ್ಚ್‌ನಲ್ಲಿ ಮಾಲ್ಟಾ, ಸೈಪ್ರಸ್, ಗ್ರೀಸ್‌ಗಳ ಮೇಲೆ ಕ್ರಮಕ್ಕೆ ಮುಂದಾದ ಮೇಲೆ ಅದಕ್ಕೆ ಕಡಿವಾಣ ಬಿತ್ತು. ಇತ್ತ ಗ್ವಾಯ್ಮಾಸ್‌ನ ಯಾರ್ಡಿನಲ್ಲಿ ನಿಂತಿರುವುದು ಬಹುಪಾಲು ಹತ್ತು ಹನ್ನೆರಡು ಮೀಟರಿನ, ನಾಲ್ವತ್ತು ವರ್ಷ ಹಳೆಯ, ಒಂದು ಬಳಸಿದ ಕಾರಿನ ಬೆಲೆಗೂ ಸಿಗುವಂಥ ದೋಣಿಗಳು. ಅವುಗಳ ಒಡೆಯರಲ್ಲಿ ನಿವೃತ್ತ ಮೇಷ್ಟರಿದ್ದಾರೆ, ನರ್ಸ್‌ಗಳಿದ್ದಾರೆ, ವೆಲ್ಡರ್‌ಗಳಿದ್ದಾರೆ. ತಜ್ಞ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗಿಲ್ಲ. ಕೆಟ್ಟ ಕಾಗದಪತ್ರದ ಭಾರ ಬೀಳುವುದು ಇವರ ಮೇಲೆಯೇ.

ಯುರೋಪಿನ ಪದ್ಧತಿ ಇದಕ್ಕಿಂತ ಮೇಲೆಂದು ಹೇಳಲಾರೆ. ಬ್ರಿಟನ್ 2020ರ ಡಿಸೆಂಬರ್ 31ಕ್ಕೆ ಒಕ್ಕೂಟದ ಕಸ್ಟಮ್ಸ್ ವ್ಯವಸ್ಥೆಯಿಂದ ಹೊರಬಿದ್ದಾಗ, ಆ ಮಧ್ಯರಾತ್ರಿ ದೋಣಿ ಯಾವ ಬಂದರಿನಲ್ಲಿತ್ತು ಎಂಬುದರ ಮೇಲೆ ಅದರ ತೆರಿಗೆಯ ಸ್ಥಿತಿ ನಿಂತಿತು. ತೆರಿಗೆ ಕಟ್ಟಿ ಕೊಂಡ ದೋಣಿಗೆ ಮತ್ತೆ ತೆರಿಗೆ ಬೀಳುವ ಭಯ ಸಾವಿರಾರು ಮನೆಗಳಲ್ಲಿ ಹುಟ್ಟಿತು. ಜೊತೆಗೆ ಕಾಯಂ ಆಮದಿಗೆ ಸಿಇ ಗುರುತಿನ ನಿಯಮವೂ ಇದೆ. 1998ರ ಜೂನ್‌ನಿಂದ ಕಡ್ಡಾಯವಾದ ಆ ಮಾನದಂಡಕ್ಕೆ ಅಮೆರಿಕದಲ್ಲಿ ಕಟ್ಟಿದ ದೋಣಿಯನ್ನು ಒಗ್ಗಿಸಲು ಅಡುಗೆ ಗ್ಯಾಸಿನ ಪೈಪಿನಿಂದ ಹಿಡಿದು ಎಂಜಿನ್ ಹೊಗೆಯವರೆಗೆ ಪರೀಕ್ಷೆ ಮಾಡಿಸಬೇಕು. ಆದರೂ ತಾತ್ಕಾಲಿಕ ಪ್ರವೇಶದ ವಿಷಯದಲ್ಲಿ ಯುರೋಪಿನ ನಿಯಮಕ್ಕೆ ಒಂದು ಗುಣವಿದೆ. ಅಲ್ಲಿ ಸಾಮಾನ್ಯವಾಗಿ ಗಡಿ ದಾಟಿ ಒಳಬಂದದ್ದೇ ಘೋಷಣೆ, ಹೊರಹೋದದ್ದೇ ಮುಕ್ತಾಯ. ಹಿಂದಿನ ಒಡೆಯನ 18 ತಿಂಗಳು ಮುಂದಿನವನ ಕೊರಳಿಗೆ ಸುತ್ತಿಕೊಳ್ಳುವುದಿಲ್ಲ.

ಮೆಕ್ಸಿಕೊ ಈ ಗುಣವನ್ನು ತನ್ನದಾಗಿಸಿಕೊಳ್ಳಲು ಹತ್ತು ವರ್ಷದ ಔದಾರ್ಯವನ್ನು ಬಿಡಬೇಕಾಗಿಲ್ಲ. ದೋಣಿ ಹೊರಟ ದಾಖಲೆ ಅದರ ಬಂದರು ಕಚೇರಿಗಳಲ್ಲೇ ಇದೆ. ವಿದೇಶಕ್ಕೆ ಹೊರಡುವ ಪ್ರತಿ ದೋಣಿಯೂ ಅಲ್ಲಿ ನಿರ್ಗಮನ ಪತ್ರ ಪಡೆಯಬೇಕು. 2017ರಿಂದ ಆ ಕಚೇರಿಗಳು ನೌಕಾಪಡೆಯ ಸಚಿವಾಲಯದ ಕೈಯಲ್ಲಿವೆ, ಪರ್ಮಿಟ್‌ನ ಕಡತ ಸೇನೆಯ ಬ್ಯಾಂಕಿನಲ್ಲಿದೆ. ನಿರ್ಗಮನ ಪತ್ರಕ್ಕೆ ಮೊಹರು ಬಿದ್ದಾಗ ಅದರ ಸುದ್ದಿ ಬ್ಯಾಂಕಿಗೆ ತಲುಪಿ, ದೋಣಿ ಗೊತ್ತಾದ ಅವಧಿಯಲ್ಲಿ ಮರಳದಿದ್ದರೆ ಪರ್ಮಿಟ್ ತಾನಾಗಿ ಮುಚ್ಚಲಿ. ಈಗಾಗಲೇ ಉಳಿದುಹೋದ ಹಳೆಯ ಪರ್ಮಿಟ್‌ಗಳನ್ನು, ಮಾರಾಟದ ಪತ್ರ ಮತ್ತು ಈಗಿನ ನೋಂದಣಿಯನ್ನು ತೋರಿಸಿದ ಹೊಸ ಒಡೆಯನ ಅರ್ಜಿಯ ಮೇಲೆ ರದ್ದು ಮಾಡಲಿ. ಎಂಜಿನ್ ಬದಲಾದರೆ ಬಿಲ್ಲು ತೋರಿಸಿ ನಂಬರ್ ತಿದ್ದಿಸಲು ಕೌಂಟರಿನಲ್ಲಿ ಒಂದು ಫಾರಂ ಇರಲಿ. ಹತ್ತು ವರ್ಷ ಎಂದು ಬರೆದಿರುವ ಕಸ್ಟಮ್ಸ್ ಕಾನೂನಿನ 106ನೇ ವಿಧಿಯಲ್ಲಿ ಒಂದು ಅಕ್ಷರವನ್ನೂ ತೆಗೆಯದೆ ಈ ಮೂರನ್ನೂ ಮಾಡಬಹುದು. ಅಲ್ಲಿಯವರೆಗೆ ಕ್ಯಾಲಿಫೋರ್ನಿಯದಲ್ಲಿ ಹಳೆಯ ಹಾಯಿದೋಣಿ ಕೊಳ್ಳುವವರು ಹಾಯಿ, ಕಂಬ, ಎಂಜಿನ್ ನೋಡುವ ಮೊದಲೇ ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಎಂದಾದರೂ ಮೆಕ್ಸಿಕೊಗೆ ಹೋಗಿತ್ತೇ, ಹೋಗಿದ್ದರೆ ರದ್ದು ಮಾಡಿಸಿದ ರಸೀದಿ ಎಲ್ಲಿ?